ಗುಳ್ಳವ್ವನ ಮಣ್ಣು, ಬಿಚ್ಚದ ಗಂಟು

ಬೀಳಗಿಯಲ್ಲಿ ಈಚೆಗೆ ಶಿಕ್ಷಕರದೊಂದು ಸಭೆ ನಡೆಯಿತು. ಭಾಷಣಕಾರರು ಪರದೆಯ ಮೇಲೆ ಒಂದು ಫೋಟೊ ತೋರಿಸಿದರು. ಶಾಲೆಯ ಕಂಪೌಂಡ್ ಗೋಡೆ, ಅದರ ಮೇಲೆ ನೀಲಿ ಬಣ್ಣದ ಹಳ್ಳ, ಜೋಡಿ ಹಂಸ, ತಾವರೆ. ಮುಂದೆ ಮೊಣಕೈತನಕ ಬಣ್ಣ ಮೆತ್ತಿಕೊಂಡು ನಗುತ್ತಿರುವ ಮಕ್ಕಳು. "ಮಕ್ಕಳು ಕುಂಚ ಹಿಡಿದರು. ಓಣಿಯ ಮನಸ್ಸು ಕರಗಿತು. ಹಳ್ಳ ಉಳಿಯಿತು" ಎಂದರು. ಜೋರು ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ಫೋಟೊ ನೋಡುತ್ತಿದ್ದೆ. ಅದರ ಬಲ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋದ ಭುಜ ನನ್ನದು.

ಆ ಮೂರು ವಾಕ್ಯಗಳಲ್ಲಿ ಮೊದಲನೆಯದು ಮಾತ್ರ ನಿಜ. ಕುಂಚ ಹಿಡಿದದ್ದು ಹೌದು, ನಾನೇ ನೋಡಿದ್ದೇನೆ, ನನ್ನ ಚೂಡಿದಾರದ ಮೇಲೆ ಇನ್ನೂ ಸಾಕ್ಷಿ ಇದೆ. ಆದರೆ ಓಣಿಯ ಮನಸ್ಸು ಆ ಗೋಡೆಯಿಂದ ಕರಗಲಿಲ್ಲ. ಕರಗುವುದಿರಲಿ, ಆ ಗೋಡೆಯ ದೆಸೆಯಿಂದಲೇ ಹಳ್ಳ ಮುಚ್ಚಿಹೋಗುವುದರಲ್ಲಿತ್ತು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಿನವರು ಒಂದಾದ ಮೇಲೊಂದು ನಡೆದದ್ದನ್ನು ಹೇಳಿ ಮೊದಲಿನದೇ ಎರಡನೆಯದಕ್ಕೆ ಕಾರಣ ಅಂದುಬಿಟ್ಟರೆ, ನನ್ನ ಕೈ ತಾನಾಗಿ ಮೇಲೇಳುತ್ತದೆ. ಬೀಳಗಿಯ ಸಭೆಯಲ್ಲಿ ಕೈ ಎತ್ತಲಿಲ್ಲ, ಊಟದ ಹೊತ್ತಾಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳ್ಳ ಇರುವುದು ರಬಕವಿ-ಬನಹಟ್ಟಿಯ ಒಂದು ನೇಕಾರ ಓಣಿಯ ಹಿಂದೆ, ಶಾಲೆಯ ಹಿತ್ತಲಿಗೆ ಹತ್ತಿಕೊಂಡು. ಮಳೆ ಬಂದರೆ ಹರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಮಗ್ಗದ ಮನೆಗಳ ನೂಲಿನ ಚೂರು, ಬಣ್ಣದ ನೀರು, ಪ್ಲಾಸ್ಟಿಕ್ ಚೀಲ, ಯಾರದೋ ಹರಿದ ಚಪ್ಪಲಿ, ಎಲ್ಲವೂ ಅದರ ಪಾಲು. ಮಕ್ಕಳು ಅದನ್ನು ಹಳ್ಳ ಎನ್ನುತ್ತಿರಲಿಲ್ಲ, ಗಟಾರ ಎನ್ನುತ್ತಿದ್ದರು. ಅದರ ಎರಡೂ ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿ ಮೇಲೆ ಸ್ಲ್ಯಾಬ್ ಮುಚ್ಚುವ ಯೋಚನೆ ನಗರಸಭೆಯಲ್ಲಿ ನಡೆದಿತ್ತು. ಓಣಿಯವರು ಬೇಕೆಂದರೆ ಸ್ಲ್ಯಾಬ್, ಬೇಡವೆಂದರೆ ಹಳ್ಳವನ್ನು ತೆರೆದೇ ಇಟ್ಟು ದಂಡೆಗೆ ಕಲ್ಲು ಜೋಡಿಸಿ, ಹುಲ್ಲು ನೆಟ್ಟು, ಹೂಳು ತೆಗೆದು ಸರಿಪಡಿಸಬಹುದು ಎಂದು ಇಂಜಿನಿಯರರು ಹೇಳಿದ್ದರು. ಆಷಾಢ ಮುಗಿಯುವಾಗ ಓಣಿಯ ಸಭೆ, ಕೈ ಎತ್ತಿ ತೀರ್ಮಾನ. ಅಲ್ಲಿಯತನಕ ಶಾಲೆಯ ಮಕ್ಕಳಿಗೆ ಹಳ್ಳವೆಂದರೇನು ಎಂದು ಕಲಿಸುವುದು ನನ್ನ ಕೆಲಸ. ಶಾಲೆಗಳಲ್ಲಿ ಪರಿಸರದ ಪಾಠ ನಡೆಸುವ ನಮ್ಮ ಸಂಸ್ಥೆ ನನ್ನ ಜೊತೆಗೆ ಜಮಖಂಡಿಯ ಒಬ್ಬ ಚಿತ್ರಕಲಾ ಮಾಸ್ತರರನ್ನೂ ಹಾಕಿತ್ತು. ನಾನು ಮುಧೋಳದ ಬಸ್ಸಿಗೆ ಬರುತ್ತಿದ್ದೆ, ಅವರು ಜಮಖಂಡಿಯ ಬಸ್ಸಿಗೆ. ಬಸ್ ಸ್ಟ್ಯಾಂಡಿನಲ್ಲಿ ಕೂಡಿದ ಕೂಡಲೇ ನಮ್ಮ ಜಗಳ ಶುರುವಾಗುತ್ತಿತ್ತು.

ಜಗಳದ ವಿಷಯ ಗೋಡೆ. ಮಕ್ಕಳು ಬಣ್ಣ ಮುಟ್ಟಿದರೆ ಅರ್ಧ ಕೆಲಸ ಆದಂತೆ ಎಂದು ಮಾಸ್ತರರ ವಾದ. ಮೊದಲು ನೀರನ್ನು ಮುಟ್ಟಲಿ ಎಂದು ನನ್ನದು. ಅವರು ನನಗಿಂತ ಹಿರಿಯರು, ನನಗಿಂತ ಖುಷಿಯ ಮನುಷ್ಯ. ನಾನು ಎಷ್ಟು ವಾದಿಸಿದರೂ ನಗುನಗುತ್ತಾ ಬಣ್ಣ ಕಲಸುತ್ತಿದ್ದರು. ಕೊನೆಗೆ ಗೋಡೆ ಗೆದ್ದಿತು. ನಿಮ್ಮ ಹಳ್ಳ ಚೆಂದವಾದರೆ ಹೇಗಿರುತ್ತದೋ ಹಾಗೆ ಬಿಡಿಸಿ ಎಂದು ಮಕ್ಕಳಿಗೆ ಹೇಳಿದರು. ಮಕ್ಕಳು ಹಂಸ ಬಿಡಿಸಿದರು. ಹಂಸವನ್ನು ಈ ಸೀಮೆಯಲ್ಲಿ ಯಾರಾದರೂ ನೋಡಿದ್ದೀರಾ ಎಂದು ಕೇಳಿದೆ. ಒಬ್ಬ ಹುಡುಗ ಮದುವೆಯ ಕಾರ್ಡಿನ ಮೇಲೆ ನೋಡಿದ್ದೇನೆ ಎಂದ.

ಗೋಡೆ ಮುಗಿದ ದಿನ ಓಣಿಯವರೆಲ್ಲ ಬಂದು ನೋಡಿದರು, ಮೆಚ್ಚಿದರು, ಮೊಬೈಲಿನಲ್ಲಿ ಹೊಡೆದುಕೊಂಡರು. ಬಗಲಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳು ಬಹಳ ಹೊತ್ತು ನೋಡಿ, ಮನಸಾರೆ ಹೇಳಿದಳು:

"ಛಲೋ ಆತ್ ನೋಡ್ರಿ ಅಕ್ಕೋರ. ಹಳ್ಳ ಗೋಡಿ ಮ್ಯಾಲೆ ಬಂತು. ಇನ್ನ ಕೆಳಗಿಂದ ಮುಚ್ಚಿದ್ರೂ ನಡೀತೈತಿ."

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ತಮಾಷೆಗಲ್ಲ, ನಿಜವಾಗಿಯೂ. ಮಾಸ್ತರರ ಮುಖ ನೋಡುವ ಹಾಗಿತ್ತು. ನನ್ನ ಮಾತನ್ನು ನಾನು ಬಸ್ ಸ್ಟ್ಯಾಂಡಿನತನಕ ಕಾದು ಅಂದೆ.

ಸ್ಲ್ಯಾಬ್ ಬೇಕೆನ್ನುವವರಲ್ಲಿ ಮುಖ್ಯರು ಓಣಿಯ ಒಬ್ಬ ಹಿರಿಯ ನೇಕಾರರು. ಮಕ್ಕಳು ಪಾವರ್ ಲೂಮ್ ಹಾಕಿಕೊಂಡಿದ್ದರೂ ತಮ್ಮ ಕುಣಿಮಗ್ಗವನ್ನು ಬಿಟ್ಟವರಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯುವ ಮಗ್ಗ ಅದು. ಓಣಿಯಲ್ಲಿ ಅವರ ಕೈ ಮೇಲೆದ್ದರೆ ಉಳಿದ ಕೈಗಳೂ ಏಳುತ್ತವೆ ಎಂದು ಎಲ್ಲರಿಗೂ ಗೊತ್ತು. ಅವರಿಗೆ ಸ್ಲ್ಯಾಬ್ ಬೇಕಾದದ್ದು ಹಾಸಿಗಾಗಿ. ಸೀರೆಯ ಉದ್ದನೆಯ ಎಳೆಗಳನ್ನು, ಅಂದರೆ ಹಾಸನ್ನು, ಮಗ್ಗಕ್ಕೆ ಏರಿಸುವ ಮೊದಲು ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ತೀಡಿ ಒಣಗಿಸಬೇಕು. ಮೊದಲು ಅದಕ್ಕೆ ಬೀದಿಯೇ ಸಾಕಿತ್ತು. ಈಗ ಬೀದಿಯಲ್ಲಿ ಬೈಕು, ಟಂಟಂ, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು. ಹಳ್ಳದ ಮೇಲೆ ಸ್ಲ್ಯಾಬ್ ಬಿದ್ದರೆ ನೆಟ್ಟಗಿನ, ಸಪಾಟಾದ, ಗಾಡಿ ಬಾರದ ಜಾಗ ಸಿಗುತ್ತದೆ. ನ್ಯಾಯವಾದ ಮಾತು.

ನ್ಯಾಯವಾದ ಮಾತನ್ನು ಸೋಲಿಸುವುದನ್ನೇ ನಾನು ಕಲಿತದ್ದು. ಒಂದು ಸಂಜೆ ಅವರ ಕಟ್ಟೆಯ ಮೇಲೆ ಕೂತು ವಾದ ಹೂಡಿದೆ. ಮುಚ್ಚಿದ ಹಳ್ಳದಲ್ಲಿ ಹೂಳು ತುಂಬಿದರೆ ತೆಗೆಯುವವರು ಯಾರು? ಸ್ಲ್ಯಾಬಿನ ಕೆಳಗೆ ಪ್ಲಾಸ್ಟಿಕ್ ಸಿಕ್ಕಿಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ? ಓಣಿಯ ಬೋರಿಗೆ ನೀರು ಇಂಗುವುದು ಎಲ್ಲಿಂದ? ಒಂದೊಂದೇ ಮುಂದಿಟ್ಟೆ, ಅವರು ಒಂದೊಂದಕ್ಕೂ ತಲೆಯಾಡಿಸಿದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ಗೆದ್ದಿ ಬಿಡ ತಂಗಿ. ನಿನ್ನ ಮಾತಿಗೆ ನನ್ನ ಹತ್ರ ಜವಾಬ ಇಲ್ಲ. ಚಾ ಕುಡಿ. ಸ್ಲ್ಯಾಬ್ ಮಾತ್ರ ಬೇಕ."

ಅವರ ಮೊಮ್ಮಗಳು ನಮ್ಮ ಶಾಲೆಯ ಆರನೆಯ ಇಯತ್ತೆಯಲ್ಲಿದ್ದಳು. ಎರಡು ಜಡೆ, ಎರಡು ಪಟ್ಟು ಬಾಯಿ. ತರಗತಿಯಲ್ಲಿ ನಾನು ಮಕ್ಕಳನ್ನು ಎರಡು ಗುಂಪು ಮಾಡಿ ಹಳ್ಳ ಬೇಕು, ಸ್ಲ್ಯಾಬ್ ಬೇಕು ಎಂದು ವಾದ ಮಾಡಿಸಿದೆ. ಅವಳು ಸ್ಲ್ಯಾಬಿನ ಕಡೆ ನಿಂತು, ಹಳ್ಳ ಬೇಕೆನ್ನುವವರ ಮನೆಗಳು ಹಳ್ಳದ ದಂಡೆಗೆ ಇಲ್ಲ, ಸೊಳ್ಳೆ ಕಚ್ಚುವುದು ನಮಗೆ ಎಂದು ಒಂದೇ ಮಾತಿನಲ್ಲಿ ಎದುರಾಳಿಗಳನ್ನು ಮಲಗಿಸಿದಳು. ಮೊದಲ ಬಹುಮಾನವನ್ನು ಅವಳಿಗೇ ಕೊಡಬೇಕಾಯಿತು. ಹಳ್ಳ ಉಳಿಸಲು ಬಂದವಳು ಸ್ಲ್ಯಾಬಿಗೆ ಬಹುಮಾನ ಕೊಟ್ಟೆ ಎಂದು ಮಾಸ್ತರರು ಜಮಖಂಡಿಯತನಕ ನಗುತ್ತಾ ಹೋದರಂತೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಬಂತು. ನಮ್ಮ ಕಡೆ ಆಷಾಢದ ಮಂಗಳವಾರಗಳು ಗುಳ್ಳವ್ವನವು. ಹೆಣ್ಣುಮಕ್ಕಳು ಮಣ್ಣು ತಂದು ಗುಳ್ಳವ್ವ ದೇವಿಯ ಮೂರ್ತಿ ಮಾಡಿ, ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸಿ, ಹಾಡಿ ಆರತಿ ಎತ್ತುತ್ತಾರೆ. ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ, ಗುಳ್ಳವ್ವನನ್ನು ನೀರಿಗೆ ಬಿಟ್ಟು, ಉಂಡು ಆಡಿ ಬರುತ್ತಾರೆ. ಮುಧೋಳದಲ್ಲಿ ಸಣ್ಣವಳಿದ್ದಾಗ ನಾನೂ ಮಾಡಿದ್ದೆ. ಆದರೆ ಅದನ್ನು ಕಲೆ ಎಂದು ಯಾರೂ ನನಗೆ ಹೇಳಿರಲಿಲ್ಲ, ಸಂಸ್ಥೆಯ ಯೋಜನೆಯಲ್ಲೂ ಬರೆದಿರಲಿಲ್ಲ. ಹಾಗಾಗಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಈಗ ಪೇಟೆಯಲ್ಲಿ ಬಣ್ಣ ಬಳಿದ ಗುಳ್ಳವ್ವಗಳು ಗಾಡಿಯ ಮೇಲೆ ಬರುತ್ತವೆ. ಆ ವರ್ಷ ಎರಡು ಜಡೆಯ ಹುಡುಗಿಗೆ ಅದು ಬೇಡವಾಯಿತು. ಕೊಂಡುತಂದದ್ದಕ್ಕೆ ಹಾಡು ಯಾಕೆ ಹಾಡಬೇಕು ಎಂದು ಅವಳ ತಕರಾರು. ತನ್ನ ಅಮ್ಮನ ಅಮ್ಮ ಶಾಲೆಯ ಹಿಂದಿನ ಹಳ್ಳದ ತಿರುವಿನಿಂದ ಮಣ್ಣು ತರುತ್ತಿದ್ದಳಂತೆ ಎಂದು ಗೆಳತಿಯರನ್ನು ಕಟ್ಟಿಕೊಂಡು, ಬುಟ್ಟಿ, ಮಣ್ಣು ಕೆದಕುವ ಕುರಪಿ ಹಿಡಿದು ಅಲ್ಲಿಗೇ ಹೋದಳು. ತೋಡಿದರೆ ಮಣ್ಣಿಗಿಂತ ನೂಲೇ ಹೆಚ್ಚು. ಕೆಂಪು, ಹಸಿರು, ಜರಿಯ ಎಳೆ, ನಡುವೆ ಗುಟ್ಕಾ ಚೀಟಿ. ಆದರೂ ಬಿಡದೆ ತಂದು ಮಾಡಿದರು. ಆರತಿಯ ಹೊತ್ತಿಗೆ ಗುಳ್ಳವ್ವ ಸೊಂಟದಿಂದ ಬಿರಿಯತೊಡಗಿ, ಎರಡನೆಯ ಹಾಡಿಗೆ ತಲೆ ಉರುಳಿ ಆರತಿ ತಟ್ಟೆಗೇ ಬಿತ್ತು. ಓಣಿಯ ಗಂಡುಹುಡುಗರು ಆ ರಾತ್ರಿ ಊಟ ಬಿಟ್ಟು ನಕ್ಕರು.

ಮರುದಿನ ಅವಳು ನೇರ ನನ್ನ ಮುಂದೆ ಬಂದು ನಿಂತಳು.

"ಅಕ್ಕೋರ, ನಿಮ್ಮ ಹಳ್ಳದ ಮಣ್ಣ ಕೆಲಸಕ್ಕ ಬರೂದಿಲ್ಲ."

ನನ್ನ ಹಳ್ಳ ಯಾವಾಗಿನಿಂದ ಎಂದೆ.

"ಮತ್ತ ಯಾರ್ದ್ರಿ? ನೀವ ಬೇಕ ಬೇಕ ಅಂತೀರಿ. ಬೇಕಂದೋರ್ದ ಹಳ್ಳ."

ಚರ್ಚೆಯಲ್ಲಿ ಇಂಥ ಏಟು ಬಿದ್ದಾಗ ಮೇಜಿನ ಮೇಲಿನ ನೀರು ಕುಡಿಯುವ ನೆಪ ಮಾಡಬೇಕು. ನನ್ನ ಬಳಿ ನೀರಿರಲಿಲ್ಲ. ಇಷ್ಟು ದಿನ ನಾನು ಮಕ್ಕಳಿಗೆ ಹಳ್ಳ ಯಾಕೆ ಬೇಕು ಎಂದು ಹೇಳುತ್ತಿದ್ದೆ, ಮಾಸ್ತರರು ಹಳ್ಳ ಹೇಗಿರಬೇಕು ಎಂದು ಬಿಡಿಸುತ್ತಿದ್ದರು. ಹಳ್ಳದಿಂದ ಅವರಿಗೆ ಬೇಕಾದದ್ದು ಏನು ಎಂದು ಇಬ್ಬರೂ ಕೇಳಿರಲಿಲ್ಲ. ಈಗ ಒಬ್ಬಳಿಗೆ ಬೇಕಾಗಿತ್ತು: ಬಿರಿಯದ ಮಣ್ಣು, ಮುಂದಿನ ಮಂಗಳವಾರದೊಳಗೆ.

ಅವತ್ತೇ, ಮುಂದೆ ಬಿಡಿಸಬೇಕಿದ್ದ ಎರಡನೆಯ ಗೋಡೆಯ ಕೆಲಸ ನಿಲ್ಲಿಸೋಣ ಎಂದು ಮಾಸ್ತರರಿಗೆ ಹೇಳಿದೆ. ಬಣ್ಣದ ಡಬ್ಬಿ ಆಗಲೇ ಬಂದಿದ್ದವು, ಅವರು ಮುಖ ಊದಿಸಿಕೊಂಡರು. ಗುಳ್ಳವ್ವನ ತಲೆ ಬಿದ್ದ ಕಥೆ ಹೇಳಿದ ಮೇಲೆ ಅಂಗಿಯ ತೋಳು ಮಡಚಿದರು. ಬಣ್ಣಕ್ಕಿಂತ ಮೊದಲು ಅವರು ಕಲಿತದ್ದು ಮಣ್ಣಿನ ಕೆಲಸವಂತೆ, ನನಗೆ ಗೊತ್ತೇ ಇರಲಿಲ್ಲ. ಆ ವಾರ ಹಳ್ಳ ಉಳಿಸುವ ಮಾತನ್ನು ತರಗತಿಯಲ್ಲಿ ಯಾರೂ ಆಡಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು. ನಾವಿಬ್ಬರೂ ಒಪ್ಪಿಕೊಂಡ ಮೊದಲ ವಿಷಯ ಅದು.

ಮಕ್ಕಳು ಹಳ್ಳದ ಬೇರೆ ಬೇರೆ ಜಾಗದ ಮಣ್ಣನ್ನು ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಕಿಟಕಿಯಲ್ಲಿಟ್ಟರು. ಮರುದಿನ ನೋಡಿದರೆ ತಳದಲ್ಲಿ ಮರಳು, ಮೇಲೆ ಹೂಳು, ಅದರ ಮೇಲೆ ತೆಳ್ಳಗೆ ಜಿಗಿಮಣ್ಣಿನ ಪದರು, ಎಲ್ಲಕ್ಕೂ ಮೇಲೆ ತೇಲುವ ನೂಲು. ನೀರು ಜೋರಾಗಿ ಬಡಿಯುವ ಹೊರಬಾಗಿನ ಬಾಟಲಿಯಲ್ಲಿ ಬರೀ ಮರಳು. ನೀರು ನಿಧಾನವಾಗುವ ಒಳಬಾಗಿನದರಲ್ಲಿ ಜಿಗಿಮಣ್ಣು ದಪ್ಪ. ಹಳ್ಳ ಯಾಕೆ ಬಾಗುತ್ತದೆ, ಬಾಗಿದ ಕಡೆ ಏನು ಬಿಟ್ಟುಹೋಗುತ್ತದೆ, ನೆಟ್ಟಗೆ ಮಾಡಿದರೆ ಏನಾಗುತ್ತದೆ ಎಂದು ನಾನು ವಾರಗಟ್ಟಲೆ ಹಲಗೆಯ ಮೇಲೆ ಗೆರೆ ಎಳೆದು ಹೇಳಿದ್ದು ಒಂದು ಸಾಲು ಬಾಟಲಿಯಲ್ಲಿ ಕೂತುಬಿಟ್ಟಿತು. ನೆಟ್ಟಗೆ ಮಾಡಿದರೆ ಗುಳ್ಳವ್ವಗೆ ಮಣ್ಣು ಸಿಗುವುದಿಲ್ಲ ಎಂದು ಅವರೇ ಹೇಳಿಕೊಂಡರು.

ಒಳಬಾಗಿನಲ್ಲಿ ಮೇಲಿನ ಕೊಳಕು ಸರಿಸಿ ತೋಡಿದರು. ತಂದದ್ದನ್ನು ಡ್ರಮ್ಮಿನಲ್ಲಿ ನೆನೆಹಾಕಿ, ಕಲಕಿ, ಹಳೆಯ ನೂಲಿನ ಸೀರೆಯಲ್ಲಿ ಸೋಸಿ, ತಿಳಿನೀರು ಬಸಿದು, ಉಳಿದ ಕೆಸರನ್ನು ಗೋಣಿಚೀಲದ ಮೇಲೆ ಹರಡಿ ಆರಿಸಿದರು. ಆದರೂ ಮಾದರಿಗೆ ಮಾಡಿದ ಉಂಡೆ ಬಿರಿಯಿತು. ಮಣ್ಣಿಗೆ ಹಿಡಿತ ಬೇಕು, ಹತ್ತಿ ಸಣ್ಣಗೆ ಕತ್ತರಿಸಿ ಕುಟ್ಟಿ ಹಾಕಬೇಕು ಎಂದರು ಮಾಸ್ತರರು. ಹತ್ತಿ ಎಲ್ಲಿಂದ ತರುವುದು ಎಂದು ನಾನು ಕೇಳಿದ್ದಕ್ಕೆ ಮಕ್ಕಳು ನನ್ನನ್ನು ನೋಡಿದ ರೀತಿ ನೆನಪಿದೆ. ಸೋಸುವ ಸೀರೆಯ ಮೇಲೆ ಗುಡ್ಡೆ ಬಿದ್ದದ್ದು ಏನು? ಅದರಲ್ಲಿ ಹತ್ತಿಯ ನೂಲು ಯಾವುದು, ಪಾಲಿಸ್ಟರ್ ಯಾವುದು ಎಂದು ನೇಕಾರರ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಎಳೆಯ ತುದಿಗೆ ಕಡ್ಡಿ ಗೀರಿದರೆ ಹತ್ತಿ ಬೂದಿಯಾಗುತ್ತದೆ, ಪಾಲಿಸ್ಟರ್ ಮುದ್ದೆಯಾಗುತ್ತದೆ. ಬೆಂಕಿಪೊಟ್ಟಣ ಮಾಸ್ತರರ ಕೈಯಲ್ಲೇ ಇರಬೇಕು ಎಂಬ ಕರಾರಿನ ಮೇಲೆ ಒಂದು ಮಧ್ಯಾಹ್ನವೆಲ್ಲ ನೂಲು ಸುಟ್ಟೆವು. ಗುಳ್ಳವ್ವನನ್ನು ಬಿರಿಸಿದ ನೂಲನ್ನೇ ಚೂರು ಮಾಡಿ ಮಣ್ಣಿಗೆ ಕುಟ್ಟಿದರು.

ಎರಡನೆಯ ಮಂಗಳವಾರ ಗುಳ್ಳವ್ವನ ಬೆನ್ನಲ್ಲಿ ಕೂದಲೆಳೆಯಷ್ಟು ಬಿರುಕು. ಮೂರನೆಯ ಮಂಗಳವಾರ ಅದೂ ಇಲ್ಲ. ಆರತಿ ಮುಗಿಯುವತನಕ ತಲೆ ಅಲುಗಾಡದೆ ನಿಂತಿತು. ಗಂಡುಹುಡುಗರು ಬೇಸರಪಟ್ಟರು. ಪಕ್ಕದ ಓಣಿಯ ಹುಡುಗಿಯರು ಬಂದು, ನಮಗೂ ಆ ಮಣ್ಣು ಬೇಕು ಎಂದರು. ಹಳ್ಳದ ಮಣ್ಣಿಗೆ ಗಿರಾಕಿ ಬಂದದ್ದು ಹೀಗೆ.

ಗಿರಾಕಿ ಬಂದ ಮೇಲೆ ಮಾಲು ಕೆಡಬಾರದಲ್ಲ. ತಿರುವನ್ನು ಬಳಿದು ಚೊಕ್ಕ ಮಾಡಿದರೂ ಮೇಲಿನಿಂದ ದಿನವೂ ಕಸ ಬಂದು ಬೀಳುತ್ತಿತ್ತು. ತೋಡಿದ ಗಟ್ಟಿ ಮಣ್ಣನ್ನೂ ಕಲ್ಲನ್ನೂ ದಂಡೆಯ ಮೇಲೆ ಒಡ್ಡಿನ ಹಾಗೆ ಹಾಕಿಸಿದೆ, ಅಂಚಿಗೆ ಲಾವಂಚದ ಬುಡ ನೆಡಿಸಿದೆ. ಮಕ್ಕಳು ಒಡ್ಡಿಗೆ ದಾರ ಹಿಡಿದು, ಎಳೆ ಜೋಡಿಸಿದಷ್ಟು ನೆಟ್ಟಗೆ ಬಡಿದು ಕೂಡಿಸಿದರು. ಇನ್ನು ಕಸ ತಡೆಯಬೇಕು. ವೇಸ್ಟ್ ನೂಲನ್ನು ಹುರಿಗೊಳಿಸಿ ದೊಡ್ಡ ಕಣ್ಣಿನ ಬಲೆ ಹೆಣೆದು, ತಿರುವಿನ ಮೇಲ್ಗಡೆ ಎರಡು ಜಾಲಿಮರಗಳ ನಡುವೆ ಕಟ್ಟುವುದೆಂದು ನಿರ್ಧರಿಸಿದೆವು. ಬಲೆ ಹೆಣೆಯಲು ಓಣಿಯ ಅರ್ಧ ಹೆಣ್ಣುಮಕ್ಕಳು ಬಂದು ಕೂತರು. ಕೆಂಪು, ಹಸಿರು, ಅರಿಸಿನ ಬಣ್ಣದ ಅಂಥ ಚೆಂದದ ಕಸದ ಬಲೆ ಬೇರೆಲ್ಲೂ ಇರಲಾರದು.

ಬಲೆಯ ಗುಟ್ಟು ಇರುವುದು ಗಂಟಿನಲ್ಲಿ. ನೀರು ಸಣ್ಣಗಿದ್ದಾಗ ಕಸ ಹಿಡಿಯಬೇಕು. ಹಳ್ಳ ಏರಿದಾಗ ಒಂದು ಕಡೆಯ ಗಂಟು ತಾನಾಗಿ ಬಿಚ್ಚಿ, ಬಲೆ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಯಬೇಕು. ಇಲ್ಲದಿದ್ದರೆ ಕಸ ತುಂಬಿದ ಬಲೆಯೇ ಒಡ್ಡಾಗಿ ನೀರು ಹಿಂದಕ್ಕೆ ಏರುತ್ತದೆ. ಎಳೆದರೆ ಬಿಚ್ಚುವ ಜಾರುಗಂಟನ್ನು ನಾನೇ ಹಾಕಿ ತೋರಿಸಿ, ಮಕ್ಕಳ ಕೈಲೂ ಹಾಕಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಮರುದಿನ ಸಂಜೆ ಮಳೆ ಹೊಡೆಯಿತು. ಈ ಸೀಮೆಗೆ ಅಷ್ಟು ಮಳೆ ಅಪರೂಪ. ಮುಧೋಳದಲ್ಲಿ ಕಿಟಕಿಯಿಂದ ನೋಡುತ್ತಾ, ಈಗ ಗಂಟು ಬಿಚ್ಚಿರಬೇಕು, ಈಗ ಬಲೆ ಸರಿದಿರಬೇಕು ಎಂದು ಖುಷಿಪಡುತ್ತಿದ್ದೆ. ಬೆಳಿಗ್ಗೆ ಹೋದರೆ ಶಾಲೆಯ ಬಾಗಿಲಲ್ಲೇ ಮಾಸ್ತರರು ನಿಂತಿದ್ದರು, ನಗು ಇಲ್ಲದೆ. ಗಂಟು ಬಿಚ್ಚಿರಲಿಲ್ಲ. ನೀರು ಹಿಂದಕ್ಕೇರಿ ಓಣಿಗೆ ನುಗ್ಗಿತ್ತು. ನುಗ್ಗಿದ್ದು ಒಂದೇ ಮನೆಗೆ. ಹಿರಿಯ ನೇಕಾರರ ಮನೆ. ಕುಣಿಮಗ್ಗದ ಕುಣಿ ತುಂಬಿ, ಬದಿಯಲ್ಲಿ ಇಟ್ಟಿದ್ದ, ಗಂಜಿ ಹಚ್ಚಿ ಒಣಗಿಸಿದ ಹಾಸಿನ ಸುರುಳಿ ಪೂರಾ ತೊಯ್ದುಹೋಗಿತ್ತು.

ಸಭೆ ಮುಂದಿನ ವಾರವೇ ಇತ್ತು. ಹಳ್ಳ ಮನೆಗೆ ನುಗ್ಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆಯನ್ನು ಸ್ಲ್ಯಾಬಿನ ಕಡೆಯವರು ತಾವಾಗಿ ತರಲು ಸಾಧ್ಯವಿರಲಿಲ್ಲ. ನಾನು ತಂದುಕೊಟ್ಟಿದ್ದೆ.

ಏನಾಯಿತೆಂದು ಮಕ್ಕಳನ್ನು ಕೇಳಿದೆ. ಎರಡು ಜಡೆಯವಳೇ ಬಾಯಿಬಿಟ್ಟಳು. ನಾನು ಹೋದ ಮೇಲೆ ಆ ಗಂಟು ನೋಡಿ ಅವರಿಗೆ ಸರಿ ಕಾಣಲಿಲ್ಲವಂತೆ. ಎಲ್ಲ ಗಂಟು ತೆಗೆದು, ಮನೆಯಲ್ಲಿ ಕಡಿದ ಎಳೆಗೆ ಹಾಕುವ ಗಂಟನ್ನು ಎರಡೆರಡು ಸುತ್ತು ಹಾಕಿದರಂತೆ.

"ಬಿಚ್ಚೋ ಗಂಟ ಹಾಕಿ ಬಂದ್ರ ಮನ್ಯಾಗ ಬೈತಾರ್ರಿ ಅಕ್ಕೋರ. ನಿಮಗ ಬರಲಾರದಕ್ಕ ಹಂಗ ಹಾಕೀರಿ ಅನ್ಕೊಂಡ್ವಿ."

ಅಂದರೆ ನನ್ನ ಮರ್ಯಾದೆ ಉಳಿಸಲಿಕ್ಕೆ ಮಾಡಿದ ಕೆಲಸ. ಬಿಚ್ಚುವುದೂ ಗಂಟಿನ ಗುಣವೇ ಎಂದು ನೇಕಾರರ ಮಕ್ಕಳಿಗೆ ವಿವರಿಸಿ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಯಾಕೆ ಬಿಚ್ಚಬೇಕು ಎಂದು ಹೇಳದೆ, ಹೇಗೆ ಹಾಕಬೇಕು ಎಂದಷ್ಟೇ ಹೇಳಿದ್ದೆ.

ಅಷ್ಟರಲ್ಲಿ ಹಿರಿಯರೇ ಬಂದರು. ಕೈಯಲ್ಲಿ ಬಲೆಯ ಒಂದು ತುಂಡು. ನಾನು ಎದ್ದು ನಿಂತು ತಪ್ಪು ನಮ್ಮದು ಎಂದು ಶುರುಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಈ ಗಂಟ ಯಾರ್ ಹಾಕಿದ್ರಲೇ?"

ಕೊನೆಗೆ ಮೊಮ್ಮಗಳು ಎದ್ದು ನಿಂತಳು.

"ನಾನ ಅಜ್ಜಾ."

"ನಾಕ ಮಂದಿ ಹಿಡದ ಜಗ್ಗಿದ್ವಿ. ಬರಲಿಲ್ಲ. ಕುಡಗೋಲ್ಲೆ ಕೊಯ್ಯಬೇಕಾತು." ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮಪ್ಪಗ ಇನ್ನೂ ಇದು ಬಂದಿಲ್ಲ ನೋಡ."

ಅಷ್ಟೇ ಅಂದು ಆ ತುಂಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೊರಟರು. ಬೈದರೋ ಮೆಚ್ಚಿದರೋ ನನಗೂ ಮಾಸ್ತರರಿಗೂ ತಿಳಿಯಲಿಲ್ಲ. ಮೊಮ್ಮಗಳಿಗೆ ಮಾತ್ರ ತಿಳಿದಿರಬೇಕು, ಆ ದಿನವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ.

ತೊಯ್ದ ಹಾಸಿನ ಎಳೆಗಳಿಗೆ ಮತ್ತೆ ಗಂಜಿ ಹಚ್ಚಿ ಒಣಗಿಸಬೇಕಿತ್ತು. ಬೀದಿಯೆಲ್ಲ ರಾಡಿ. ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಬರುವಾಗ ಹಳ್ಳದ ದಂಡೆಯಲ್ಲಿ ಏನೋ ಹೊಳೆಯಿತು. ಮಕ್ಕಳು ದಾರ ಹಿಡಿದು ಬಡಿದ ಒಡ್ಡಿನ ಮೇಲೆ, ಬೇವಿನ ಮರಗಳ ಕೆಳಗೆ, ಕೆಂಪು ಹಾಸು ಈ ತುದಿಯಿಂದ ಆ ತುದಿಗೆ ಎಳೆದು ನಿಂತಿತ್ತು. ಹಿರಿಯರು ಗಂಜಿ ತೀಡುತ್ತಾ ಅದರ ಉದ್ದಕ್ಕೂ ನಡೆದು ಬರುತ್ತಿದ್ದರು. ಕೆಳಗೆ ತಿಳಿಯಾದ ನೀರು, ಅದರಲ್ಲಿ ಹಾಸಿನ ಕೆಂಪು. ಮಾಸ್ತರರು ನನ್ನ ತೋಳು ಹಿಡಿದು ನಿಲ್ಲಿಸಿ, ಇದನ್ನು ಯಾವ ಗೋಡೆಯ ಮೇಲೂ ಬಿಡಿಸುವುದಿಲ್ಲ ಎಂದರು. ಅವರು ಆಡಿದ ಮಾತುಗಳಲ್ಲಿ ನಾನು ವಾದಿಸದೆ ಬಿಟ್ಟದ್ದು ಅದೊಂದನ್ನೇ.

ಸಭೆ ಕೊನೆಯ ಮಂಗಳವಾರದ ಮರುದಿನ, ಗುಳ್ಳವ್ವನನ್ನು ನೀರಿಗೆ ಬಿಡುವ ದಿನವೇ ಬಂತು. ನಾನು ಒಂದೂ ಮಾತಾಡಬಾರದು, ಆಡಿದರೆ ಇಡೀ ಶಾಲೆಗೆ ಮಿರ್ಚಿ ಭಜಿ ಕೊಡಿಸಬೇಕು ಎಂದು ಮಾಸ್ತರರು ಪಂಥ ಕಟ್ಟಿದ್ದರು. ನನ್ನ ತಲೆಯಲ್ಲಿ ಆರಂಭ, ಖಂಡನೆ, ಸಮಾರೋಪ ಎಲ್ಲ ತಯಾರಿತ್ತು. ನಾಲಿಗೆ ಕಚ್ಚಿಕೊಂಡು ಕೂತೆ. ಇಂಜಿನಿಯರರು ಎರಡೂ ದಾರಿ ವಿವರಿಸಿದರು. ಮಳೆಯ ದಿನದ ಮಾತು ಬಂತು, ಒಬ್ಬರು ಹಳ್ಳ ಮನೆಯೊಳಗೆ ಬಂದದ್ದನ್ನು ಕೈ ಬೀಸಿ ಹೇಳಿದರು. ಅತ್ತ ದಂಡೆಯಲ್ಲಿ ಮೂರು ಓಣಿಗಳ ಹುಡುಗಿಯರು ಗುಳ್ಳವ್ವಗಳನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ಬರುತ್ತಿದ್ದರು. ಹಾಡು ಜೋರಾಗಿ ಇಂಜಿನಿಯರರ ಮಾತು ಕೇಳದಾಯಿತು. ಅವರು ಹಾಡು ಮುಗಿಯುವತನಕ ನಿಂತರು, ನಿಲ್ಲದೆ ಬೇರೆ ದಾರಿ ಇರಲಿಲ್ಲ.

ಹಾಡು ನಿಂತ ಮೇಲೆ ಎಲ್ಲರೂ ಹಿರಿಯ ನೇಕಾರರ ಕಡೆ ನೋಡಿದರು. ಅವರು ಎದ್ದು, ಪಂಚೆ ಕೊಡವಿಕೊಂಡು ಹೇಳಿದರು:

"ಈ ಸಲ ಸ್ಲ್ಯಾಬ್ ಬ್ಯಾಡ. ಬರೂ ಆಷಾಢ ಆಗ್ಲಿ, ಆಮ್ಯಾಲೆ ನೋಡೂಣು."

ಕಾರಣ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅವರ ಕೈ ಎದ್ದಿತು, ಅದರ ಹಿಂದೆ ಉಳಿದವು ಎದ್ದವು. ಹುಡುಗಿಯರು ಗುಳ್ಳವ್ವಗಳನ್ನು ತೆಗೆದುಕೊಂಡು ತಿರುವಿಗೆ ಇಳಿದು, ತಂದ ಮಣ್ಣನ್ನು ತಂದಲ್ಲಿಗೇ ಬಿಟ್ಟರು. ಮಾಸ್ತರರು ಪಂಥ ಸೋತು ಭಜಿ ಕೊಡಿಸಿದರು. ಬಿಸಿ ಭಜಿ ತಿನ್ನುತ್ತಾ, ಕೊನೆಗೂ ಕಲೆ ಗೆದ್ದಿತು ಎಂದರು. ಬಾಯಿ ತುಂಬಿದ್ದರಿಂದ ನನಗೆ ವಾದಿಸಲಾಗಲಿಲ್ಲ. ಅದೇ ಮಾತು ಮುಂದೆ ಬೀಳಗಿಯ ಪರದೆಯತನಕ ಹೋಯಿತು, ದಾರಿಯಲ್ಲಿ ಗುಳ್ಳವ್ವ ಉದುರಿ ಹಂಸ ಉಳಿಯಿತು.

ಹಳ್ಳ ಉಳಿಯಿತು ಎನ್ನುವುದಕ್ಕೆ ನನ್ನ ತಕರಾರು ಇಷ್ಟೆ: ಒಂದು ವರ್ಷಕ್ಕೆ ಉಳಿದಿದೆ. ಬಣ್ಣದ ನೀರು ಇನ್ನೂ ಬರುತ್ತದೆ, ಅದಕ್ಕೆ ಗುಳ್ಳವ್ವ ಸಾಲುವುದಿಲ್ಲ, ಬಣ್ಣ ಹಾಕುವವರ ಜೊತೆ ಮಾತು ಈಗಷ್ಟೇ ಶುರುವಾಗಿದೆ. ಬಲೆಗೆ ಈಗ ಜಾರುಗಂಟು ಇದೆ. ಅದನ್ನು ಹಾಕುವವಳು ಎರಡು ಜಡೆಯವಳೇ, ಪ್ರತಿ ಸಲ ಮುಖ ಸಿಂಡರಿಸಿಕೊಂಡು. ಲಾವಂಚ ಮೊಣಕಾಲೆತ್ತರ ಬಂದಿದೆ.

ಆದರೆ ಆ ಕೈ ಯಾಕೆ ಮೇಲೆದ್ದಿತು ಎನ್ನುವುದು ನನ್ನನ್ನು ಬಿಟ್ಟಿಲ್ಲ. ಬೇವಿನ ನೆರಳಲ್ಲಿ ಹಾಸು ಚೆನ್ನಾಗಿ ಒಣಗಿತೆಂದೋ, ಮೊಮ್ಮಗಳ ಗಂಟಿಗೆ ಸೋತರೋ, ಹಾಡಿಗೋ, ಅಥವಾ ಅವತ್ತು ಕಟ್ಟೆಯ ಮೇಲೆ ನಾನು ಹೇಳಿದ್ದು ನಿಧಾನವಾಗಿ ಇಳಿಯಿತೋ. ಕೊನೆಯದನ್ನು ನಂಬುವ ಆಸೆ ನನಗೆ ಬಹಳ. ಬೀಳಗಿಯಿಂದ ಬಂದ ಮರುದಿನವೇ ಅವರ ಮನೆಗೆ ಹೋದೆ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಮಗ್ಗದ ಕಂಬಕ್ಕೆ, ಕನ್ನಡಕದ ಡಬ್ಬಿ ತೂಗುಹಾಕಿದ ಮೊಳೆಗೇ, ಬಲೆಯ ಆ ತುಂಡು ಸಿಕ್ಕಿಸಿತ್ತು, ಗಂಟು ಹಾಗೇ. ಕೂತೆ. ಚಹಾ ಬಂತು. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಿತ್ತು. ಅದು ಒಂದು ಗಳಿಗೆ ನಿಂತಾಗ ಕೇಳಿದೆ:

"ಅಜ್ಜಾರ, ಖರೇ ಹೇಳ್ರಿ. ಸ್ಲ್ಯಾಬ್ ಬ್ಯಾಡ ಅಂತ ನಿಮಗ ಅನಿಸಿದ್ದು ಯಾವಾಗ?"

"ಚಾ ಆರ್ತೈತಿ, ಕುಡಿ ತಂಗಿ" ಎಂದು ಅವರು ಲಾಳಿಯನ್ನು ಮತ್ತೆ ಓಡಿಸಿದರು.